ಸಮುದ್ರದಾಗ ಗಾಳಿ ತುಂಬುವವನ ಕನ್ಯಾಶೋಧ

ನನ್ನ ನೌಕರಿ ಏನೆಂದು ಬಾಯಿ ಬಿಡುವುದೇ ತಡ, ಎದುರಿಗಿದ್ದವರಿಗೆ ಏನೋ ಆಗುತ್ತದೆ. ಒಬ್ಬರು ನಗುತ್ತಾರೆ, ಒಬ್ಬರು ಕೈಮುಗಿಯುತ್ತಾರೆ, ಇನ್ನೊಬ್ಬರು ತಮ್ಮ ಬಾವಿಗೆ ಬಿದ್ದ ಕೊಡದ ಸುದ್ದಿ ತೆಗೆಯುತ್ತಾರೆ. ಎಂಬತ್ತರ ದಶಕದಲ್ಲಿ ಆರು ವರ್ಷ ಇದನ್ನು ಅನುಭವಿಸಿದ್ದೇನೆ. ಪ್ರತಿ ಬೇಸಿಗೆಗೆ ರಜೆಯ ಮೇಲೆ ಊರಿಗೆ ಬರುತ್ತಿದ್ದೆ, ಪ್ರತಿ ಸಲವೂ ಬಸ್‌ಸ್ಟ್ಯಾಂಡಿನಲ್ಲೇ ಇಂಥದೊಂದು ನನ್ನ ದಾರಿ ಕಾಯುತ್ತಿತ್ತು.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ನನಗೆ ಮದುವೆಯಾಗಬೇಕಿತ್ತು. ಇದರಲ್ಲಿ ಮುಚ್ಚಿಡುವುದೇನು? ವಯಸ್ಸು ಮೂವತ್ತರ ಹತ್ತಿರ ಬಂದಿತ್ತು, ನೌಕರಿ ಚೆನ್ನಾಗಿತ್ತು, ಹಲ್ಲೂ ಕೂದಲೂ ಇನ್ನೂ ಜಾಗದಲ್ಲಿದ್ದವು. ನನ್ನ ಮದುವೆಗೆ ಅಡ್ಡ ಬಂದದ್ದು ಗ್ರಹಗಳಲ್ಲ, ಸಮುದ್ರ. ಸಮುದ್ರಕ್ಕಿಂತ ಹೆಚ್ಚಾಗಿ ನಮ್ಮ ಅಪ್ಪ.

ಏನು ಕಳಕೊಂಡಾರ?

ನಮ್ಮೂರು ನವಲಗುಂದ ತಾಲೂಕಿನ ಎರೆಭೂಮಿಯ ಒಂದು ಹಳ್ಳಿ. ನಾನು ಹುಬ್ಬಳ್ಳಿಯ ಗ್ಯಾರೇಜಿನಲ್ಲಿ ಲಾರಿ ಟಾಯರಿಗೆ ಗಾಳಿ ತುಂಬುವ ಕಂಪ್ರೆಸರ್ ರಿಪೇರಿ ಮಾಡಿಕೊಂಡಿದ್ದೆ. ಅಲ್ಲಿಗೆ ಬರುತ್ತಿದ್ದ ಒಬ್ಬ ಮಲಯಾಳಿ ಲಾರಿ ಡ್ರೈವರನ ಪರಿಚಯದಿಂದ ಮಾಲ್ದೀವಿನ ಒಂದು ಹಡಗಿನಲ್ಲಿ ಕೆಲಸ ಸಿಕ್ಕಿತು. ಹಡಗೆಂದರೆ ಬಹಳ ದೊಡ್ಡದಲ್ಲ, ಹನ್ನೆರಡು ಪ್ರವಾಸಿಗರು ಮಲಗುವಷ್ಟು. ಯುರೋಪಿನಿಂದ ಬಂದವರು ಎರಡು ವಾರ ಅದರಲ್ಲೇ ಉಂಡು, ಅದರಲ್ಲೇ ಮಲಗಿ, ಜನವಸತಿಯಿಲ್ಲದ ದ್ವೀಪಗಳ ಸುತ್ತ ತಿರುಗಿ, ದಿನಕ್ಕೆ ಮೂರು ಸಲ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದ ತಳಕ್ಕೆ ಇಳಿಯುತ್ತಿದ್ದರು. ಖಾಲಿಯಾದ ಸಿಲಿಂಡರಿಗೆ ಮತ್ತೆ ಗಾಳಿ ತುಂಬಿ ಕೊಡುವುದು ನನ್ನ ಕೆಲಸ. ಇಷ್ಟೇ.

ಇಷ್ಟನ್ನು ನಮ್ಮೂರ ಚಹಾದಂಗಡಿಯಲ್ಲಿ ಹೇಳಿ ಮುಗಿಸಲು ಮೊದಲ ರಜೆಯ ಅರ್ಧ ದಿನ ಹಿಡಿಯಿತು.

"ಅಲ್ಲಿ ಗಾಳಿ ಇಲ್ಲೇನು?" ಎಂದು ಅಂಗಡಿಯವ ಕೇಳಿದ.

"ಮ್ಯಾಲ ಐತ್ರಿ. ನೀರಾಗ ಇಲ್ಲ."

"ಮತ್ತ ನೀರಾಗ ಯಾಕ ಹೋಗ್ತಾರ?"

ಬೆಂಚಿನ ಮೇಲೆ ಕುಳಿತಿದ್ದ ಒಬ್ಬ ಮುದುಕರು ಅಂಗಡಿಯವನನ್ನು ಸುಮ್ಮನಿರಿಸಿದರು. ಅವರಿಗೆ ಅನುಭವವಿತ್ತು. "ಏನರೆ ಬಿದ್ದಿರ್ತೈತಿ. ಸುಮ್‌ಸುಮ್ಮನ ಯಾರು ನೀರಿಗಿ ಇಳೀತಾರ? ತಮ್ಮಾ, ಏನ್ ಕಳಕೊಂಡಾರ ಅವರು?"

"ಏನೂ ಕಳಕೊಂಡಿಲ್ರಿ ಕಾಕಾ. ಮೀನು ನೋಡಾಕ ಹೋಗ್ತಾರ."

"ಹಿಡಿಯಾಕ?"

"ಹಿಡಿಯಂಗಿಲ್ರಿ. ನೋಡಿ ಬರ್ತಾರ."

"ನೋಡಿ?"

"ನೋಡಿ, ಮ್ಯಾಲ ಬಂದು, ಚಹಾ ಕುಡದು, ಮತ್ತ ಹೋಗ್ತಾರ."

"ಮತ್ತ ಅದ ಮೀನು?"

"ಅದ ಇರಬಹುದು, ಬ್ಯಾರೆ ಇರಬಹುದು, ನನಗೇನ್ ಗೊತ್ರಿ!" ಎಂದೆ. ನನ್ನ ದನಿ ಆಗಲೇ ಏರಿತ್ತು.

ಮುದುಕರು ಬಸಿಯಲ್ಲಿದ್ದ ಚಹಾ ಮುಗಿಸಿ, ಬಸಿ ಕೆಳಗಿಟ್ಟು, ಬಹಳ ಮರುಕದಿಂದ ಕೇಳಿದರು: "ಪಾಪ, ಅವರ ಮನ್ಯಾಗ ಬುದ್ಧಿ ಹೇಳಾಕ ಹಿರ್ಯಾರು ಯಾರೂ ಇಲ್ಲೇನು?"

ಉಗುಳು

ನಮ್ಮ ಕಡೆಯ ನೀರಿನ ವಿಷಯ ತಿಳಿಯದೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮೂರಲ್ಲಿ ಬಾವಿ ತೋಡಿದರೆ ಸವಳು ನೀರು, ಬಟ್ಟೆ ಒಗೆಯಲು ಮಾತ್ರ ಆದೀತು. ಕುಡಿಯಲು ಇರುವುದು ಊರ ಮುಂದಿನ ಕೆರೆಯೊಂದೇ. ಮಳೆಗಾಲದಲ್ಲಿ ತುಂಬಿದ್ದು ವರ್ಷವಿಡೀ ಬರಬೇಕು. ಹಾಗಾಗಿ ಕೆರೆಗೆ ಹೋಗುವವರು ಏರಿಯ ಆಚೆಗೇ ಚಪ್ಪಲಿ ಬಿಡಬೇಕು, ಮೆಟ್ಟಿಲ ಮೇಲೆ ನಿಂತು ಬಗ್ಗಿ ಕೊಡ ತುಂಬಿಕೊಳ್ಳಬೇಕು. ಹೆಬ್ಬೆರಳು ನೀರಿಗೆ ತಾಗಿದರೂ ಕಾವಲಿನವ ಕೋಲು ಎತ್ತಿಕೊಂಡು ಬರುತ್ತಿದ್ದ. ಕಾಲು ಇಟ್ಟವನಿಗೆ ದಂಡ. ಅಲ್ಲಿ ಈಸುವ ಮಾತೇ ಇಲ್ಲ. ಅದಕ್ಕೇ ನಮ್ಮೂರಲ್ಲಿ ಹುಟ್ಟಿ ಬೆಳೆದವರಿಗೆ ಈಸು ಬರುವುದಿಲ್ಲ. ನನಗೂ ಬರುವುದಿಲ್ಲ.

ಹಡಗಿನಲ್ಲಿ ಇದನ್ನು ನನಗೆ ಯಾರೂ ಕೇಳಲಿಲ್ಲ. ಕೇಳದೆ ಹೇಳುವಷ್ಟು ದಡ್ಡ ನಾನಲ್ಲ. ಮೆಷೀನಿನ ಖೋಲಿಯಲ್ಲಿ ಕುಳಿತು ನನ್ನ ಪಾಡಿಗೆ ಗಾಳಿ ತುಂಬುತ್ತಿದ್ದೆ. ಮೇಲೆ ಬಂದರೂ ಹಡಗಿನ ಅಂಚಿನ ಕಟಾಂಜನ ಬಿಗಿಯಾಗಿ ಹಿಡಿದೇ ನಿಲ್ಲುತ್ತಿದ್ದೆ.

ಮೊದಲ ವಾರವೇ ಕಣ್ಣಾರೆ ಕಂಡದ್ದು ಇದು. ಒಬ್ಬ ಧಡೂತಿ ಪ್ರವಾಸಿ, ಅವರ ದೇಶದಲ್ಲಿ ದೊಡ್ಡ ಡಾಕ್ಟರನಂತೆ, ನೀರಿಗೆ ಇಳಿಯುವ ಮುಂಚೆ ತನ್ನ ಗಾಜಿನ ಮಾಸ್ಕಿನೊಳಗೆ ತುಪುಕ್ ಎಂದು ಉಗುಳಿದ. ಬೆರಳಿನಿಂದ ಒಳಗೆಲ್ಲ ಸವರಿದ. ಬಗ್ಗಿ ಅದನ್ನು ಸಮುದ್ರದಲ್ಲಿ ಗಲಬರಿಸಿ ತೊಳೆದ. ನನಗೆ ಮೈಯೆಲ್ಲ ಉರಿದುಹೋಯಿತು. ಸಮುದ್ರದ ನೀರು ಕುಡಿಯುವುದಲ್ಲ ಎಂದು ಬುದ್ಧಿಗೆ ಗೊತ್ತು, ಬಾಯಿಗೆ ಗೊತ್ತಿರಲಿಲ್ಲ.

"ಏ! ನೀರಿಗಿ ಉಗುಳ್ತೀಯಾ? ಮನಶಾ ಅದಿಯೋ ಏನು?" ಎಂದು ಕೆರೆಯ ಕಾವಲಿನವನ ದನಿಯಲ್ಲೇ ಕೂಗಿದೆ.

ಡಾಕ್ಟರ ಗಾಬರಿಯಾಗಿ ಮಾಸ್ಕನ್ನು ಎದೆಗೆ ಅಪ್ಪಿಕೊಂಡ. ಹಡಗಿನ ಕಪ್ತಾನ ಮಾಲ್ದೀವಿನವ, ಹಿಂದಿ ಬಲ್ಲವ. ಓಡಿ ಬಂದು ನನ್ನನ್ನು ಪಕ್ಕಕ್ಕೆ ಕರೆದು, ಉಗುಳು ಸವರಿದರೆ ಗಾಜಿನ ಮೇಲೆ ಮಂಜು ಕೂರುವುದಿಲ್ಲ, ಇವರೆಲ್ಲ ದಿನಾ ಹೀಗೇ ಮಾಡುವುದು ಎಂದು ತಿಳಿಸಿ ಹೇಳಿದ. ನಾನು ನಮ್ಮ ಕೆರೆಯ ಕತೆ ಹೇಳಿದೆ. ಅವ ಗಂಭೀರವಾಗಿ ತಲೆಯಾಡಿಸಿ ಹೋಗಿ ಪ್ರವಾಸಿಗರಿಗೆ ಏನೋ ಹೇಳಿದ. ಏನು ಹೇಳಿದನೋ ದೇವರೇ ಬಲ್ಲ.

ಅವತ್ತಿನಿಂದ ಎರಡು ವಾರ ಆ ಹನ್ನೆರಡೂ ಮಂದಿ ನೀರಿಗೆ ಇಳಿಯುವ ಮುಂಚೆ ಸಾಲಾಗಿ ನನ್ನ ಮುಂದೆ ಬಂದು ನಿಂತು, ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿ, ಆಮೇಲೆ ಉಗುಳುತ್ತಿದ್ದರು.

ಮುರಿಯದ ರೊಟ್ಟಿ

ನಾವು ಮೀನು ಮುಟ್ಟುವವರಲ್ಲ. ಹಡಗಿನಲ್ಲಿ ಮುಂಜಾನೆ ಮೀನು, ಮಧ್ಯಾಹ್ನ ಮೀನು, ಸಂಜೆ ಬೇಸರವಾದರೆ ಬೇರೆ ಮೀನು. ಅದಕ್ಕೆ ಅವ್ವ ಪ್ರತಿ ಸಲ ಟ್ರಂಕಿನ ತುಂಬ ಕಟಕಟಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಕಟ್ಟಿ ಕಳಿಸುತ್ತಿದ್ದಳು. ಒಣಗಿಸಿ ಸುಟ್ಟ ಆ ರೊಟ್ಟಿ ತಿಂಗಳುಗಟ್ಟಲೆ ಕೆಡುವುದಿಲ್ಲ.

ಎರಡನೆಯ ವರ್ಷ ಒಂದು ದಿನ ಪ್ರವಾಸಿಗರನ್ನೆಲ್ಲ ಊಟಕ್ಕೆಂದು ಒಂದು ಮರಳು ದಿಬ್ಬದ ಮೇಲೆ ಇಳಿಸಿದ್ದರು. ಸುತ್ತ ನೀರು, ನಡುವೆ ನಾಲ್ಕು ತೆಂಗಿನ ಗಿಡ. ನಾನು ಮೆಷೀನಿನ ಕೆಲಸ ಮುಗಿಸಿ ಸಣ್ಣ ದೋಣಿಯಲ್ಲಿ ಹಿಂದಿನಿಂದ ಹೋದೆ. ನೋಡುತ್ತೇನೆ, ಹನ್ನೆರಡು ಮಂದಿಯ ಕೈಯಲ್ಲೂ ನಮ್ಮವ್ವನ ರೊಟ್ಟಿ. ರೊಟ್ಟಿಯ ಮೇಲೆ ಸುಟ್ಟ ಮೀನು. ಮುಳ್ಳು ಸಹಿತ. ಒಬ್ಬಾಕೆ ಮೀನು ತಿಂದು ಮುಗಿಸಿ, ಬೆರಳು ಚೀಪಿ, ರೊಟ್ಟಿಯನ್ನು ಕಸದ ಬುಟ್ಟಿಗೆ ಎಸೆದಳು!

ಅಡುಗೆಯವನ ಕೊರಳಪಟ್ಟಿ ಹಿಡಿದೆ. "ಪ್ಲೇಟು ಮರೆತು ಬಂದೆ. ನಿನ್ನ ಟ್ರಂಕಿನಲ್ಲಿ ಒಣಗಿದ ಎಲೆಯ ಪ್ಲೇಟುಗಳಿದ್ದವಲ್ಲ, ಅವನ್ನೇ ಇದ್ದಷ್ಟೂ ತಂದೆ" ಎಂದು ಅವ ಹಿಂದಿಯಲ್ಲಿ ಅಂದ.

ಉಳಿದ ಆರು ವಾರ ಅನ್ನ ಮತ್ತು ಗುರೆಳ್ಳು ಪುಡಿ ತಿಂದು ದಿನ ನೂಕಿದೆ. ಊರಿಗೆ ಬಂದು ಅವ್ವನ ಮುಂದೆ ಹೊಟ್ಟೆಯ ಸಂಕಟವನ್ನೆಲ್ಲ ತೋಡಿಕೊಂಡೆ. ಅವಳು ಅಳುತ್ತಾಳೆ ಅಂದುಕೊಂಡಿದ್ದೆ.

"ಬಿಸಿ ಮೀನು ಹಾಕಿದ್ರೇನು ಮ್ಯಾಲ?" ಎಂದು ಕೇಳಿದಳು.

"ಹೂಂ ಬೇ."

"ರಸಾನೂ ಇತ್ತೇನು?"

"ಇತ್ತು."

"ರೊಟ್ಟಿ ಬಾಗಲಿಲ್ಲ?"

"ಇಲ್ಲ."

ಅವ್ವನ ಮುಖ ಅರಳಿತು. ಅವತ್ತೇ ಸಂಜೆ ಓಣಿಯ ತುಂಬ ಸುದ್ದಿ. ತನ್ನ ರೊಟ್ಟಿಯ ಮೇಲೆ ಹನ್ನೆರಡು ಮಂದಿ ಬಿಳಿಯರು ಮೀನು ಉಂಡರೂ ಒಂದು ರೊಟ್ಟಿ ಸಹ ಮುರಿಯಲಿಲ್ಲ ಎಂದು ಮನೆ ಮನೆಗೆ ಹೋಗಿ ಹೇಳಿ ಬಂದಳು.

ಸುದ್ದಿ ಓಣಿಯಿಂದ ಊರಿಗೆ, ಊರಿಂದ ಬಸ್ಸು ಹತ್ತಿ ಯರಗುಪ್ಪಿಗೆ ಹೋಯಿತು. ಯರಗುಪ್ಪಿಯಲ್ಲಿ ನನಗೊಂದು ಹುಡುಗಿಯನ್ನು ಹೆಚ್ಚು ಕಡಿಮೆ ಗೊತ್ತು ಮಾಡಿದ್ದರು. ಮೂರನೆಯ ದಿನ ಅವರ ಕಡೆಯ ಹಿರಿಯರೊಬ್ಬರು ಬಂದು, ಚಹಾ ಸಹ ಮುಟ್ಟದೆ ಹೇಳಿದರು: "ರೊಟ್ಟಿ ಗಟ್ಟಿ ಅದಾವಂತ ಕೇಳಿದ್ವಿ, ಬಾಳ ಸಂತೋಷ. ಆದ್ರ ಮೀನು ಉಂಡ ರೊಟ್ಟಿ ಮನಿತನಕ್ಕ ನಾವು ಕನ್ಯಾ ಕೊಡಂಗಿಲ್ರಿ."

ಉಸಿರು

ಈಗ ಅಪ್ಪನ ಪಾಳಿ.

ಅವ್ವನಿಗೆ ನನ್ನ ನೌಕರಿಯ ವಿಷಯ ಮುಚ್ಚಿಡುವ ಚಿಂತೆ, ಅಪ್ಪನಿಗೆ ಅದನ್ನು ಸಾರುವ ಹುಚ್ಚು. ಅವ್ವ ಎಲ್ಲರಿಗೂ, ನಮ್ಮ ಹುಡುಗ ನೀರೇ ಮುಟ್ಟುವುದಿಲ್ಲ, ಖೋಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾನೆ ಎನ್ನುತ್ತಿದ್ದಳು. ಅದು ನಿಜ, ಆದ್ದರಿಂದ ಯಾರೂ ನಂಬುತ್ತಿರಲಿಲ್ಲ. ಅಪ್ಪ ಚಾವಡಿಯಲ್ಲಿ ಕುಳಿತು, ನನ್ನ ಮಗ ಸಮುದ್ರದ ತಳದಲ್ಲಿ ಅಡ್ಡಾಡುತ್ತಾನೆ, ತಿಮಿಂಗಿಲ ಬಂದರೆ ಬಾಜೂ ಸರಿದು ದಾರಿ ಕೊಡುತ್ತಾನೆ ಎನ್ನುತ್ತಿದ್ದ. ಅದನ್ನು ಎಲ್ಲರೂ ನಂಬುತ್ತಿದ್ದರು.

ಇದರ ಮೇಲೆ ನಾನೂ ಒಂದು ತಪ್ಪು ಮಾಡಿದೆ. ಪ್ರವಾಸಿಯೊಬ್ಬ ಹೋಗುವಾಗ ತನ್ನ ಹಳೆಯ ರಬ್ಬರಿನ ರೆಕ್ಕೆಗಳನ್ನು ನನಗೆ ಕೊಟ್ಟಿದ್ದ. ಕಾಲಿಗೆ ಹಾಕಿಕೊಂಡರೆ ಬಾತುಕೋಳಿಯ ಪಾದದ ಹಾಗೆ, ಈಸುವವರಿಗೆ ಅನುಕೂಲ. ಅವನ್ನು ಊರಿಗೆ ತಂದೆ. ಅಪ್ಪ ಅವನ್ನು ಹೆಗಲ ಮೇಲೆ ಹಾಕಿಕೊಂಡು ಕಟಿಂಗ್ ಅಂಗಡಿಗೆ ಹೋದ, ಸೊಸೈಟಿಗೆ ಹೋದ, ಮೊರಬದ ಸಂತೆಗೂ ಹೋಗಿ ಬಂದ.

ಆ ವರ್ಷ ತಿರ್ಲಾಪುರಕ್ಕೆ ಕನ್ಯಾ ನೋಡಲು ಹೋದೆವು. ಪದ್ಧತಿಯಂತೆ ಹುಡುಗಿಯನ್ನು ಕರೆಸಿ ಕೂಡಿಸಿ, ಹೆಸರೇನು, ಎಷ್ಟು ಓದೀದಿ, ರೊಟ್ಟಿ ಬಡಿಯಲು ಬರುತ್ತದೆಯೇ ಎಂದು ನಮ್ಮ ಕಡೆಯವರು ಕೇಳಬೇಕು. ಹುಡುಗಿ ಇನ್ನೂ ಒಳಗೇ ಇದ್ದಳು. ಹುಡುಗಿಯ ಸೋದರಮಾವ ನನ್ನ ಎದುರಿಗೆ ಬಂದು ಚಕ್ಕಳಮಕ್ಕಳ ಹಾಕಿ ಕುಳಿತ.

"ನೀರಾಗ ಇರಾವರಂತ ನಿಮ್ಮ ತಂದಿ ಸಂತ್ಯಾಗ ಹೇಳಿದ್ರು. ಎಷ್ಟೊತ್ತು ಉಸಿರು ಹಿಡೀತೀರಿ?"

"ನಾ ನೀರಿಗೆ ಇಳಿಯಂಗಿಲ್ರಿ. ಇಳಿಯೋರೂ ಉಸಿರು ಹಿಡಿಯಂಗಿಲ್ರಿ, ಅದಕ್ಕ ಸಿಲಿಂಡರ್ ಇರ್ತೈತಿ."

"ಸಿಲಿಂಡರ್ ಖಾಲಿ ಆದ್ರ?"

ನಾನು ಬಾಯಿ ತೆರೆಯುವುದರೊಳಗೆ ಅಪ್ಪ, "ಹಿಡದು ತೋರಸೋ!" ಎಂದ. ಸೋದರಮಾವ ಕೈಗಡಿಯಾರ ಬಿಚ್ಚಿ ಅಂಗೈಯಲ್ಲಿ ಇಟ್ಟುಕೊಂಡ. ಪಡಸಾಲೆ ತುಂಬ ಜನ. ನನ್ನ ಬಾಯಲ್ಲಿ ಆಗಷ್ಟೇ ಹಾಕಿಕೊಂಡ ಒಂದು ತುತ್ತು ಒಗ್ಗರಣೆ ಅವಲಕ್ಕಿ. ಹಾಗೇ ಮೂಗು ಹಿಡಿದುಕೊಂಡೆ. ಇಪ್ಪತ್ತು ಎಣಿಸುವಷ್ಟರಲ್ಲಿ ಕಣ್ಣು ಹೊರಗೆ ಬಂದವು. ಮೂವತ್ತಕ್ಕೆ ಅವಲಕ್ಕಿಯೆಲ್ಲ ಸೋದರಮಾವನ ಅಂಗಿಯ ಮೇಲೆ.

ಅವ ಅಂಗಿ ಒರೆಸಿಕೊಂಡು, ಗಡಿಯಾರ ಕಟ್ಟಿಕೊಂಡು, ಒಳಗಿನ ಹೆಂಗಸರಿಗೆ ಕೇಳುವ ಹಾಗೆ ಹೇಳಿದ: "ಹುಡುಗಿನ್ನ ಕರೀಬ್ಯಾಡ್ರಿ. ಪಡಸಾಲ್ಯಾಗ ಇಷ್ಟಕ್ಕ ಬಾಯಿ ಬಿಟ್ಟಾಂವ ಸಮುದ್ರದಾಗ ಎಷ್ಟು ದಿನ ಬಾಳ್ಯಾನು?"

ಪಾತಾಳಗರಡಿ

ಇದು ಸಣ್ಣದು. ಒಂದು ರಜೆಯಲ್ಲಿ ಬಾಜೂ ಮನೆಯ ಅತ್ತಿ ಬಂದು ನಮ್ಮ ಹೊಸ್ತಿಲ ಮೇಲೆ ಕುಳಿತಳು. ಆರು ತಿಂಗಳ ಹಿಂದೆ ಅವಳ ತಾಮ್ರದ ಕೊಡ ಸವಳು ಬಾವಿಗೆ ಬಿದ್ದಿತ್ತು. ಯಾರಿಂದಲೂ ತೆಗೆಸದೆ ನನಗಾಗಿ ಕಾದಿದ್ದಳು. "ಮನ್ಯಾಗ ಹುಲಿಯಂಥ ಹುಡುಗ ಇರಬೇಕಾದ್ರ ಮಂದಿನ್ನ ಯಾಕ ಕರೀಲಿ?" ಅಂದಳು.

ಇಲ್ಲವೆನ್ನುವ ಧೈರ್ಯವಿಲ್ಲದೆ ಬಾವಿಯ ದಂಡೆಗೆ ಹೋದೆ. ಅವಳು, ಅವಳ ತಂಗಿ, ಓಣಿಯ ಹದಿನೈದು ಮಂದಿ ಹೆಂಗಸರು, ಎಲ್ಲರೂ ಸೆರಗು ಹೊದ್ದುಕೊಂಡು ನೋಡಲು ನಿಂತರು. ನಾನು ಹಗ್ಗಕ್ಕೆ ಪಾತಾಳಗರಡಿ ಕಟ್ಟಿದೆ. ಪಾತಾಳಗರಡಿ ಅಂದರೆ ಕಬ್ಬಿಣದ ಕೊಕ್ಕೆಗಳ ಗೊಂಚಲು, ಕೊಡ ಬಿದ್ದ ಮನೆಯವರೆಲ್ಲ ಬಳಸುವುದೇ. ಇಳಿಬಿಟ್ಟು ನಾಲ್ಕು ಸಲ ಆಡಿಸಿದೆ, ನನ್ನ ಪುಣ್ಯಕ್ಕೆ ಕೊಡ ಸಿಕ್ಕಿ ಮೇಲೆ ಬಂತು. ಹನಿ ನೀರು ಸಹ ನನಗೆ ಸಿಡಿಯಲಿಲ್ಲ.

ಅತ್ತಿ ಕೊಡ ಇಸಿದುಕೊಂಡು ಮುಖ ಸಣ್ಣದು ಮಾಡಿದಳು. "ಇಷ್ಟ ಮಾಡಾಕ ಅಷ್ಟು ದೂರ ಹೋಗಿ ಕಲತು ಬಂದೇನು?"

ಆ ರಜೆಯಲ್ಲೇ ಇನ್ನೊಂದನ್ನು ಗಮನಿಸಿದೆ. ಗೂಟಕ್ಕೆ ತೂಗುಹಾಕಿದ್ದ ರಬ್ಬರಿನ ರೆಕ್ಕೆಗಳಲ್ಲಿ ಒಂದೇ ಉಳಿದಿತ್ತು. ಇನ್ನೊಂದೆಲ್ಲಿ ಎಂದು ಅಪ್ಪನನ್ನು ಕೇಳಿದೆ. "ನಾಯಿ ಒಯ್ತು" ಎಂದ, ನನ್ನ ಕಡೆ ನೋಡದೆ.

ಕೆರೆ

ಆರನೆಯ ರಜೆಯ ಹೊತ್ತಿಗೆ ನನಗೆ ಆಸೆಯೇ ಬತ್ತಿತ್ತು. ಅವ್ವನ ಅಣ್ಣ, ನನ್ನ ಸೋದರಮಾವ, ಕಲಘಟಗಿ ಕಡೆಯ ಒಂದು ಕನ್ಯೆ ಹುಡುಕಿದ್ದ. ಹೋಗಿ ನೋಡಿ ಬಂದೆವು. ಅಲ್ಲೆಲ್ಲ ಹಸಿರು, ಊರ ಬಾಜೂಕ್ಕೇ ಹರಿಯುವ ಹಳ್ಳ. ಹುಡುಗಿ ಬಂದು ಕುಳಿತಾಗ ಅವಳ ಜಡೆಯಿಂದ ನೀರು ತೊಟ್ಟಿಕ್ಕುತ್ತಿತ್ತು. "ಈಗಷ್ಟ ತಲಿ ಎರಕೊಂಡಾಳ್ರಿ" ಎಂದು ಅವಳ ತಾಯಿ ಅವಸರದಿಂದ ಹೇಳಿದರು. ಹುಡುಗಿ ತಲೆ ಬಗ್ಗಿಸಿಯೇ ನಕ್ಕಳು. ನನಗೆ ಅವಳು ಬಹಳ ಹಿಡಿಸಿದಳು. ವಾಪಸು ಬರುವಾಗ ಬಸ್ಸಿನಲ್ಲಿ ಇದೂ ತಪ್ಪಿದರೆ ಮುಂದೆ ನನಗೆ ಯಾರೂ ಬೇಡ ಎಂದು ಅಂದುಕೊಳ್ಳುತ್ತಾ ಬಂದೆ.

ಮುಂದಿನ ಗುರುವಾರ ಹುಡುಗಿಯ ತಂದೆ ನಮ್ಮ ಮನೆ ನೋಡಲು ಬರುವವರಿದ್ದರು. ಅವ್ವ ಅಪ್ಪನನ್ನು ಅಡುಗೆ ಮನೆಗೆ ಕರೆದಳು. "ಇವತ್ತ ನೀವು ಸಮುದ್ರದ ಸುದ್ದಿ ತಗದ್ರ, ಈ ಮನ್ಯಾಗ ನಾ ಇರಬೇಕು, ಇಲ್ಲಾ ನೀವು ಇರಬೇಕು." ಅಪ್ಪ ಉಳಿದ ಆ ಒಂದು ರೆಕ್ಕೆಯನ್ನು ಜೋಳದ ಚೀಲದ ಹಿಂದೆ ತಾನೇ ಬಚ್ಚಿಟ್ಟ.

ಹುಡುಗಿಯ ತಂದೆ ಬಂದರು. ದೊಡ್ಡ ಆಳು, ಸಣ್ಣ ಮಾತು. ಎಲೆ ಅಡಿಕೆ ಹಾಕಿಕೊಂಡು ನಿಧಾನವಾಗಿ ಹೇಳಿದರು. "ಹುಡುಗ ಚಲೋ ಅದಾನ್ರಿ. ನಮ್ಮ ಮನ್ಯಾಗ ಹೆಂಗಸರು ಅಂಜ್ತಾರ. ಸಮುದ್ರದ ನೌಕರಿ, ಮುಳುಗೋದು ಏಳೋದು, ನಾಳೆ ಏನರೆ ಹೆಚ್ಚು ಕಡಿಮಿ ಆದ್ರ ಹೆಂಗ ಅಂತಾರ. ಒಂದ ಮಾತು ಹೇಳ್ರಿ. ಇಂವ ನೀರಿಗಿ ಇಳೀತಾನೋ ಇಲ್ಲೋ?"

"ಇಲ್ಲರೀ ಯಪ್ಪಾ!" ಎಂದಳು ಅವ್ವ. "ಅವಗ ಈಸೂ ಬರಂಗಿಲ್ಲ. ನೀರು ಮುಟ್ಟಿದಾಂವ ಅಲ್ಲ."

ಸರಿಯಾಗಿ ಅದೇ ಹೊತ್ತಿಗೆ ಬಾಗಿಲಲ್ಲಿ ಹಲಗೆ ಬಾರಿಸುವ ಸದ್ದು. ಪಂಚಾಯ್ತಿ ಚೇರ್ಮನ್ನರು, ಅವರ ಹಿಂದೆ ಅರ್ಧ ಊರು. ಚೇರ್ಮನ್ನರ ಕೈಯಲ್ಲಿ ಹೂವಿನ ಹಾರ.

ಆದದ್ದು ಇಷ್ಟು. ಎರಡು ವರ್ಷದ ಹಿಂದೆ ಕೆರೆಗೆ ಪಂಪು ಕೂಡಿಸಿ ಊರಿಗೆಲ್ಲ ನಳ ಹಾಕಿದ್ದರು. ಹೆಂಗಸರು ಕೊಡ ಹೊರುವುದನ್ನು ಆಗಲೇ ಮರೆತಿದ್ದರು. ಪಂಪಿನ ಪೈಪು ಇಳಿಬಿಟ್ಟ ಕಡೆ ಬೇಸಿಗೆಯಲ್ಲೂ ನೀರು ಸಿಗಲೆಂದು ಎರಡಾಳು ಆಳದ ಗುಂಡಿ ತೋಡಿದ್ದರು. ಅದರ ತಳದಲ್ಲಿ ಪೈಪಿನ ತುದಿಗಿದ್ದ, ನೀರು ಒಳಗೆಳೆಯುವ ಫುಟ್‌ವಾಲ್ವಿಗೆ ಏನೋ ಸಿಕ್ಕಿಕೊಂಡು ಮೂರು ದಿನದಿಂದ ನೀರು ಬಂದ್. ಪೈಪು ಎಳೆದರೆ ಪೈಪು ಮೇಲೆ ಬಂತು, ವಾಲ್ವು ರಾಡಿಯಲ್ಲೇ ಉಳಿಯಿತು. ಪಾತಾಳಗರಡಿಗೂ ಸಿಗಲಿಲ್ಲ. ಆಗ ಎಲ್ಲರಿಗೂ ಒಮ್ಮೆಲೇ ನನ್ನ ನೆನಪಾಯಿತು.

"ಸಮುದ್ರದ ತಳದಾಗ ಅಡ್ಡಾಡಾಂವ ನೀ. ನಮ್ಮ ಕೆರಿ ನಿನಗೇನ್ ಲೆಕ್ಕ? ನಡಿ ತಮ್ಮಾ, ಹೋಗೂಣು" ಎಂದು ಚೇರ್ಮನ್ನರು ಹಾರ ಹಾಕಿಯೇ ಬಿಟ್ಟರು.

ಹುಡುಗಿಯ ತಂದೆ ಎಲೆ ಅಗಿಯುವುದನ್ನು ನಿಲ್ಲಿಸಿ ಅವ್ವನ ಮುಖ ನೋಡಿದರು. ನಾನು ಎದ್ದು ನಿಂತು, ಊರಿಗೆಲ್ಲ ಕೇಳುವ ಹಾಗೆ, ಆರು ವರ್ಷದಿಂದ ಹೇಳುತ್ತಾ ಬಂದಿದ್ದನ್ನೇ ಹೇಳಿದೆ: "ನನಗ ಈಸಾಕ ಬರಂಗಿಲ್ರೀ! ನಾ ಬರೇ ಗಾಳಿ ತುಂಬಾಂವ!"

ಚೇರ್ಮನ್ನರ ಕಣ್ಣಲ್ಲಿ ನೀರು ಬಂತು. "ನೋಡ್ರಿ, ಇಷ್ಟು ದೊಡ್ಡ ವಿದ್ಯೆ ಕಲತಾನ, ಒಂದು ಚೂರು ಗರ್ವ ಐತೇನು ನೋಡ್ರಿ!"

ಅಪ್ಪ ಅಲ್ಲಿಯ ತನಕ ತಡೆದುಕೊಂಡಿದ್ದೇ ದೊಡ್ಡದು. "ನನ್ನ ಮಗಾ ಅಂದ್ರ ಏನಂತ ತಿಳಿದೀರಿ!" ಎಂದು ಒಳಗೆ ಓಡಿ ಹಗ್ಗ ತಂದ. ಅವ್ವ ಹಣೆ ಹಣೆ ಬಡಿದುಕೊಂಡಳು. ಹುಡುಗಿಯ ತಂದೆಯೂ ಎದ್ದು ಎಲ್ಲರ ಹಿಂದೆ ಹೊರಟರು.

ಕೆರೆಯ ಏರಿಯ ಮೇಲೆ ಇನ್ನೊಂದು ತಕರಾರು. ಕೆರೆಯಲ್ಲಿ ಕಾಲು ಇಡಕೂಡದಲ್ಲ, ಇವನು ಪೂರ್ತಿ ಇಳಿಯಬಹುದೋ ಇಲ್ಲವೋ? ಹಿರಿಯರು ಒಂದು ತಾಸು ವಾದ ಮಾಡಿದರು. ವರ್ಷಗಟ್ಟಲೆ ಉಪ್ಪು ನೀರಲ್ಲಿ ನೆನೆದವನ ಮೈಯಲ್ಲಿ ಹೊಲಸು ಉಳಿದಿರುವುದಿಲ್ಲ ಎಂದು ಕೊನೆಗೆ ತೀರ್ಮಾನವಾಯಿತು. ಆದರೂ ಇರಲಿ ಎಂದು ಏಳು ಕೊಡ ನೀರು ನನ್ನ ತಲೆಯ ಮೇಲೆ ಸುರಿದರು, ಹೊಸ ಧೋತರ ಉಡಿಸಿದರು, ತೆಂಗಿನಕಾಯಿ ಒಡೆದರು. ಕಾವಲಿನವ ನನ್ನ ಉಗುರು ಸಹ ನೋಡಿದ. ಟೊಂಕಕ್ಕೆ ಹಗ್ಗ ಕಟ್ಟಿ ಎಂಟು ಮಂದಿ ಹಿಡಿದರು.

"ನಾ ಹಗ್ಗ ಜಗ್ಗಿದ ಕೂಡಲೇ ಎಳೀರಿ" ಎಂದೆ. "ಕೂಡಲೇ! ಕೇಳಿಸ್ತೇನು?"

"ನೀ ಆರಾಮ ನೋಡಿಕೊಂಡು ಬಾ" ಎಂದರು.

ಇಳಿದೆ ಎನ್ನುವುದು ಸುಳ್ಳು, ಕಾಲು ಜಾರಿತು. ಆಮೇಲೆ ಕಂಡದ್ದು ಕರ್ರಗಿನ ನೀರು, ಕೇಳಿದ್ದು ನನ್ನದೇ ಗುಳುಗುಳು. ಕೈಗೆ ಏನು ಸಿಕ್ಕಿತೋ ಅದನ್ನು ಎರಡೂ ಕೈಯಿಂದ ಅಪ್ಪಿಕೊಂಡೆ, ಬಿಡಲಿಲ್ಲ. ನಡುವೆ ಒಂದು ಕೈ ಬಿಡಿಸಿಕೊಂಡು ಹಗ್ಗ ಜಗ್ಗಿದೆ. ಮತ್ತೆ ಜಗ್ಗಿದೆ. ಹತ್ತು ಸಲ ಜಗ್ಗಿದೆ. ಮೇಲೆ ಆಗ ಏನು ನಡೆದಿತ್ತೆಂದು ನನಗೆ ಆಮೇಲೆ ತಿಳಿಯಿತು. ಎಂಟು ಮಂದಿ ಎಳೆಯಲು ಹೊರಟರೆ ಅಪ್ಪ ಅಡ್ಡ ನಿಂತು, "ತಡೀರಿ, ತಡೀರಿ! ಕೆಲಸ ನಡಿಸ್ಯಾನ, ಇನ್ನೂ ಬೇಕಾದಷ್ಟು ಉಸಿರು ಐತಿ ಅವನ ಹತ್ರ!" ಎಂದನಂತೆ. ಊರೆಲ್ಲ ಚಪ್ಪಾಳೆ ತಟ್ಟಿತಂತೆ. ಆಗ ಹುಡುಗಿಯ ತಂದೆ ಬಾಯಲ್ಲಿದ್ದ ಎಲೆ ಉಗುಳಿ, ಅಪ್ಪನನ್ನು ಬದಿಗೆ ನೂಕಿ, "ಎಳೀರಲೇ!" ಎಂದು ಗರ್ಜಿಸಿ ತಾವೇ ಹಗ್ಗ ಹಿಡಿದು ಎಳೆದರಂತೆ.

ನಾನು ಮೇಲೆ ಬಂದೆ. ಎದೆಗೆ ಅಪ್ಪಿಕೊಂಡಿದ್ದು ಫುಟ್‌ವಾಲ್ವು. ವಾಲ್ವಿನ ಬಾಯಿಗೆ ಸಿಕ್ಕಿಕೊಂಡಿದ್ದು ಬಾತುಕೋಳಿಯ ಪಾದದಂಥ ಒಂದು ರಬ್ಬರಿನ ರೆಕ್ಕೆ.

"ಹೋಗುವಾಗ ಬರಿಗಾಲು, ಬರುವಾಗ ರೆಕ್ಕಿ! ನೀರಾಗ ಹ್ವಾದ್ರ ತಾವ ಬರ್ತಾವೇನೋ!" ಎಂದು ಚೇರ್ಮನ್ನರು ಕುಣಿದಾಡಿದರು. ಹಲಗೆಯವರು ಬಾರಿಸತೊಡಗಿದರು. ನಾನು ಅಪ್ಪನ ಕಡೆ ನೋಡಿದೆ. ಊರ ಕೆರೆಯಲ್ಲಿ ಕದ್ದು ಕಾಲಾಡಿಸಿದವನಿಗೆ ಆಗಬೇಕಾದ ದಂಡ ಏನೆಂದು ಅವನಿಗೆ ಗೊತ್ತಿತ್ತು. ಮೋಡವೇ ಇಲ್ಲದ ಆಕಾಶದಲ್ಲಿ ಮಳೆ ಬರುವ ಲಕ್ಷಣ ಹುಡುಕುತ್ತಾ ನಿಂತಿದ್ದ.

ಜನ ವಾಲ್ವಿನ ಹಿಂದೆ ಹೋದರು. ನಾನು ಏರಿಯ ಮೇಲೆ ಕುಳಿತು ಕುಡಿದ ಕೆರೆಯನ್ನೆಲ್ಲ ಕಾರಿಕೊಳ್ಳುತ್ತಿದ್ದೆ. ಅವ್ವ ದೂರದಲ್ಲಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಈ ಸಂಬಂಧವೂ ಮುಗಿಯಿತು ಎಂದು ನನಗೂ ಅಳು ಒತ್ತಿ ಬಂತು. ಹುಡುಗಿಯ ತಂದೆ ಬಂದು ನನ್ನ ಬಾಜೂಕ್ಕೆ ಕುಳಿತು ಬೆನ್ನು ತಿಕ್ಕಿದರು.

"ನಾ ಹಳ್ಳದ ದಂಡಿ ಮ್ಯಾಲ ಬೆಳದಾಂವ" ಎಂದರು. "ಈಸಾಂವ ಹೆಂಗ ಇಳೀತಾನ, ಮುಳುಗಾಂವ ಹೆಂಗ ಇಳೀತಾನ, ನನಗ ತಿಳಿಯಂಗಿಲ್ಲೇನು? ನಿಮ್ಮ ತಾಯಿ ಖರೇನ ಹೇಳಿದ್ರು. ನಿಮಗ ಈಸು ಅಗದಿ ಬರಂಗಿಲ್ಲ."

ಆರು ವರ್ಷದಲ್ಲಿ ನನ್ನ ಮಾತು ನಂಬಿದ ಮೊದಲ ಮನುಷ್ಯ. ಅವರ ಕಾಲು ಹಿಡಿದೆ.

"ಏಳ್ರಿ, ಏಳ್ರಿ. ಕಾರ್ತೀಕದಾಗ ಮದಿವಿ ಹಿಡಿಯೂಣು" ಎಂದರು. ಆಮೇಲೆ ಅತ್ತಿತ್ತ ನೋಡಿ, ನನ್ನ ಕಿವಿಯ ಹತ್ತಿರ ಬಂದು ದನಿ ತಗ್ಗಿಸಿದರು. "ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಅವತ್ತ ನಮ್ಮ ಹುಡುಗಿ ತಲಿ ತೋಯ್ದಿತ್ತಲ್ಲ, ಅದು ಎರಕೊಂಡಿದ್ದಲ್ಲ. ನೀವು ಬಂದ್ರಂತ ಹಳ್ಳದಾಗ ಈಸಾಕತ್ತಿದ್ದಾಕಿನ್ನ ಎಬ್ಬಿಸಿಕೊಂಡು ಬಂದಿದ್ವಿ. ಮದಿವಿ ಆದ ಮ್ಯಾಲ ಅಕಿನ್ನೂ ಹಡಗಿಗೆ ಕರಕೊಂಡು ಹೋಗ್ರಿ. ನೀವು ಬಿದ್ರ ಎತ್ತಾಕ ಒಬ್ಬರು ಬೇಕಲ್ರಿ."